ಮೂರು ಸುತ್ತಿನ ಸರಪಳಿ

ಉಸ್ತಾದರ ಹಣೆಯ ಎಡಗಡೆ ಒಂದು ಗುಳಿ ಇತ್ತು. ಅರ್ಧ ಹೆಬ್ಬೆರಳು ಕೂರುವಷ್ಟು ಆಳ. ಲಾರಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುವಾಗ ಅದರಲ್ಲಿ ಬೆವರು ನಿಲ್ಲುತ್ತಿತ್ತು, ಎದ್ದು ಕೂತರೆ ಒಮ್ಮೆಲೇ ಕಣ್ಣಿಗೆ ಇಳಿಯುತ್ತಿತ್ತು. ಕಣ್ಣು ಉರಿದಾಗ ಯಾರನ್ನಾದರೂ ಬೈಯಲೇಬೇಕು ಅವರಿಗೆ. ಹತ್ತಿರ ಯಾರೂ ಇಲ್ಲದಿದ್ದರೆ ಟೈರನ್ನೇ ಬೈಯುತ್ತಿದ್ದರು.

ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಅಕ್ಕಿ ಗಿರಣಿಗಳು ಶುರುವಾಗುವ ಕಡೆ ಅವರ ಟೈರಿನ ಅಂಗಡಿ. ನಾಲ್ಕು ತಗಡು, ಒಂದು ಹವಾ ಮಷೀನು, ಒಂದು ಬೇವಿನ ಗಿಡ. ನಾನು ಲಾರಿ ಡ್ರೈವರ್. ಅರಕೇರಾದವನು, ದೇವದುರ್ಗದಲ್ಲಿ ಬಿ.ಎ. ಮುಗಿಸಿದವನು. ಆ ಬಿ.ಎ.ಯಿಂದ ನನಗೆ ಒಂದು ಚಹಾ ಕೂಡ ಪುಕ್ಕಟೆ ಸಿಕ್ಕಿಲ್ಲ ಬಿಡಿ. ಸಿಕ್ಕಿದ್ದು ಉಸ್ತಾದರು ಇಟ್ಟ ಹೆಸರೊಂದೇ. ಅವರು ನನ್ನನ್ನು ಕೊನೆಯವರೆಗೂ ಕರೆದದ್ದು 'ಲೇ ಬಿಯೆ' ಅಂತಲೇ.

ನಮ್ಮ ಪರಿಚಯ ಆದದ್ದು ಒದೆತದಿಂದ. ಹೊಸದಾಗಿ ಡ್ರೈವರ್ ಆಗಿದ್ದೆ. ಅವರು ನನ್ನ ಲಾರಿಯ ಹಿಂದಿನ ಗಾಲಿಗೆ ಹವಾ ತುಂಬುತ್ತಿದ್ದರು. ನಾನು ಫೋನಿನಲ್ಲಿ ಮಾತಾಡುತ್ತ, ಗಾಲಿಯ ಮೇಲೆ ಒಂದು ಕಾಲಿಟ್ಟು ಬಗ್ಗಿ ನಿಂತಿದ್ದೆ. ಸೊಂಟಕ್ಕೆ ಬಿತ್ತು ನೋಡಿ ಒದೆ. ಫೋನು ಒಂದು ಕಡೆ, ನಾನೊಂದು ಕಡೆ, ಗಟಾರದ ಕೆಸರಿನಲ್ಲಿ ಮಕಾಡೆ ಬಿದ್ದೆ. ಎದ್ದವನಿಗೆ ಮೈಯೆಲ್ಲ ಉರಿದು ಹೋಯಿತು. ಹೋಗಿ ಅವರ ದವಡೆಗೆ ಗುದ್ದಿದೆ. ಅವರು ನನ್ನ ಅಂಗಿ ಹಿಡಿದು ಬೇವಿನ ಗಿಡಕ್ಕೆ ಬಡಿದರು. ನನ್ನ ತುಟಿ ಒಡೆಯಿತು, ಅವರ ಒಂದು ಹಲ್ಲು ಅಲುಗಾಡಿತು. ರಸ್ತೆಯ ಮೇಲಿನ ಮಂದಿ ಬಂದು ಬಿಡಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು.

ಆಮೇಲೆ ಅವರೇ ನೀರು ತಂದು ಕೊಟ್ಟರು. ನನ್ನ ಕೈ ಹಿಡಿದೆಳೆದು, ಹೆಬ್ಬೆರಳನ್ನು ತಮ್ಮ ಹಣೆಯ ಗುಳಿಯಲ್ಲಿ ಇಟ್ಟುಕೊಂಡರು.

"ಹವಾ ತುಂಬೋವಾಗ ನಮ್ಮಣ್ಣ ನಿನ್ನಂಗ ನಿಂತಿದ್ದ. ರಿಂಗ್ ಮದ್ಲು ಅವಗ ಬಡೀತು. ಆಮ್ಯಾಲ ಉಳದದ್ದು ನನಗ ಬಡೀತು. ಮಣ್ಣು ಮಾಡೋ ಮುಂದ ಅವನ ಮಾರಿ ಯಾರಿಗೂ ತೋರ್ಸಲಿಲ್ಲ. ತೋರ್ಸಾಕ ಮಾರಿನೇ ಇರಲಿಲ್ಲ."

ರಿಂಗ್ ಎಂದರೇನು ಅಂತ ಹೇಳಿಬಿಡುತ್ತೇನೆ. ಹಳೆಯ ಲಾರಿಗಳ ಇಪ್ಪತ್ತು ಇಂಚಿನ ಗಾಲಿಯಲ್ಲಿ ಒಳಗೆ ಟ್ಯೂಬ್ ಇರುತ್ತದೆ. ಟೈರು ಹೊರಗೆ ಜಾರದಂತೆ ಅಂಚಿಗೆ ಒಂದು ದಪ್ಪ ಕಬ್ಬಿಣದ ಬಳೆ ಹಾಕಿ ಕೂರಿಸುತ್ತಾರೆ. ಹವಾ ತುಂಬುವಾಗ ಆ ಬಳೆ ಸರಿಯಾಗಿ ಕೂತಿರದಿದ್ದರೆ, ಇಲ್ಲವೇ ತುಕ್ಕು ತಿಂದಿದ್ದರೆ, ಹಾರುತ್ತದೆ. ಹಾರಿತು ಅಂದರೆ ಎದುರಿಗೆ ಇದ್ದದ್ದು ಉಳಿಯುವುದಿಲ್ಲ. ದೇವದುರ್ಗದಲ್ಲಿ ಅಣ್ಣತಮ್ಮಂದಿರು ನಡೆಸುತ್ತಿದ್ದ ಅಂಗಡಿ ಅವತ್ತೇ ಮುಚ್ಚಿತು. ಉಸ್ತಾದರು ರಾಯಚೂರಿಗೆ ಬಂದರು. ಅಂದಿನಿಂದ ಅವರು ಗಾಲಿಗೆ ದಪ್ಪ ಸರಪಳಿ ಮೂರು ಸುತ್ತು ಸುತ್ತದೆ ಹವಾ ತುಂಬಿದವರಲ್ಲ. ತುಂಬುವಾಗ ಹತ್ತು ಮಾರು ದೂರದೊಳಗೆ ಯಾರು ಬಂದರೂ ಒದೆ. ಒಮ್ಮೆ ಒಬ್ಬ ಪೊಲೀಸಪ್ಪನಿಗೂ ಬಿತ್ತಂತೆ.

ಅವರ ಇನ್ನೊಂದು ಪದ್ಧತಿ ಟೈರ್ ಕೊಲ್ಲುವುದು. ಆ ಮಾತು ಅವರದೇ. ಸವೆದ ಟೈರಿನ ಪಕ್ಕೆಯನ್ನು ಬೆರಳಿನಿಂದ ಸವರಿ, ಸುತ್ತಿಗೆಯಿಂದ ಒಂದೆರಡು ಬಾರಿ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಸತ್ತಿದೆ ಅನ್ನಿಸಿದರೆ ಯಾರ ಅಪ್ಪಣೆಯನ್ನೂ ಕೇಳದೆ ಕೊಡಲಿ ಎತ್ತಿ ಪಕ್ಕೆಗೆ ಕೊಚ್ಚಿಬಿಡುತ್ತಿದ್ದರು. ಹಾಗೆ ಬಿಟ್ಟರೆ ಮಾಲೀಕ ಮತ್ತೆ ಅದನ್ನೇ ಹಾಕಿಸುತ್ತಾನೆ ಅನ್ನುವುದು ಅವರ ವಾದ. ಇದಕ್ಕಾಗಿ ಎಷ್ಟು ಜಗಳ, ಎಷ್ಟು ಸಲ ಕಾಲರ್ ಹಿಡಿದಾಟ! ಕೊಂದ ಟೈರನ್ನು ಎರಡು ಹೋಳು ಮಾಡಿ ರಸ್ತೆಬದಿಗೆ ಇಟ್ಟು ನೀರು ತುಂಬಿಸುತ್ತಿದ್ದರು. ಮಾನ್ವಿ ರಸ್ತೆಯ ಕುರಿ, ಆಡುಗಳೆಲ್ಲ ಉಸ್ತಾದರು ಕೊಂದ ಟೈರಿನಲ್ಲೇ ನೀರು ಕುಡಿದಿವೆ.

ಇಂಥವರ ಕೈಗೆ ನಮ್ಮ ಕರೆಂಟ್ ಲಾರಿ ಬಂತು.

ನಾನು ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿಯ ಸಾವ್ಕಾರರು ಬ್ಯಾಟರಿಯ ಮೇಲೆ ಓಡುವ ದೊಡ್ಡ ಲಾರಿ ತರಿಸಿದರು. ಮಾನ್ವಿಯಿಂದ ಭತ್ತ, ದೇವದುರ್ಗದಿಂದ ಹತ್ತಿ, ಗಿರಣಿಯಿಂದ ರೈಲ್ವೆ ಗೂಡ್ಸ್ ಶೆಡ್ಡಿಗೆ ಅಕ್ಕಿ. ಪರದೆಯ ಮೇಲೆ ಬರುವ ಅಕ್ಷರ ಓದಬಲ್ಲವನು ನಾನೊಬ್ಬನೇ ಅಂತ ಸೀಟು ನನಗೆ ಸಿಕ್ಕಿತು. ನಿಜ ಹೇಳುತ್ತೇನೆ, ಆ ಸೀಟಿನ ಮೇಲೆ ನನಗೆ ಹೆಂಡತಿಗಿಂತ ಹೆಚ್ಚು ಪ್ರೀತಿ ಇತ್ತು. ಸದ್ದಿಲ್ಲ, ಹೊಗೆಯಿಲ್ಲ, ಗೇರ್ ಇಲ್ಲ, ಮೇ ತಿಂಗಳಲ್ಲೂ ಒಳಗೆ ತಂಪು. ದೇವದುರ್ಗದ ಕಡೆಯ ಜಾಲಹಳ್ಳಿಯಲ್ಲಿ ನಿಲ್ಲಿಸಿದರೆ ಬಸ್ಸಿಗೆ ಕಾಯುವವರೆಲ್ಲ ಬಂದು ಮುಟ್ಟಿ ನೋಡುತ್ತಿದ್ದರು. ಅರಕೇರಾದಲ್ಲಿ ನಮ್ಮವ್ವ ಅದಕ್ಕೆ ಕುಂಕುಮ ಹಚ್ಚಿದಳು. ಡ್ರೈವರ್ ಅಂದರೆ ಮೂಗು ಮುರಿಯುತ್ತಿದ್ದ ಬೀಗರು ಕೂಡ ಒಂದು ಸುತ್ತು ಕೂತು ಬಂದರು. ಇನ್ನೇನು ಬೇಕು?

ಆದರೆ ಅದರ ಟೈರುಗಳು ಡೀಸೆಲ್ ಲಾರಿಯ ಟೈರು ಬಾಳುವುದರ ಅರ್ಧ ಕಾಲವೂ ಬಾಳಲಿಲ್ಲ. ಉಸ್ತಾದರ ಬಳಿ ಒಯ್ದೆ. ಅವರು ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಲಾರಿಯನ್ನು ನಿಂತಲ್ಲಿಂದ ಹೊರಡಿಸು ಅಂದರು. ಹೊರಡಿಸಿದೆ. ಬಾಗಿಲು ತೆಗೆದು ನನ್ನ ಬಲಗಾಲಿನ ಮೇಲೆ ಸುತ್ತಿಗೆಯ ಹಿಡಿಯಿಂದ ಬಡಿದರು. ಎಂಜಿನ್ ಲಾರಿ ಎತ್ತಿನ ಹಾಗೆ ನಿಧಾನಕ್ಕೆ ಎಳೆಯುತ್ತದೆ, ಇದು ನಿಂತಲ್ಲೇ ಮೈಮೇಲೆ ಬಂದ ಹಾಗೆ ಜಗ್ಗುತ್ತದೆ, ನೀನು ಪೆಡಲ್ ತುಳಿದಾಗೆಲ್ಲ ರಬ್ಬರಿನ ಚರ್ಮ ಸುಲಿಯುತ್ತಿದ್ದೀಯ ಅಂತ ಬೈದರು. ನಾಲ್ಕು ದಿನ ಕುಂಟಿದೆ. ಆದರೆ ಆಮೇಲೆ ಪೆಡಲನ್ನು ಬೆಣ್ಣೆ ತುಳಿದಂತೆ ತುಳಿಯುವುದು ಕಲಿತೆ.

ಅಷ್ಟಕ್ಕೇ ಬಿಡಲಿಲ್ಲ. ಗಿರಣಿಯ ತೂಕದ ಕಟ್ಟೆಯ ಮೇಲೆ ಲಾರಿ ಹತ್ತಿಸಿ, ಖಾಲಿ ಇದ್ದಾಗ ಮುಂದಿನ ಗಾಲಿಗಳ ತೂಕ ಬೇರೆ, ಹಿಂದಿನವುಗಳ ತೂಕ ಬೇರೆ ನೋಡಿದರು. ತುಂಬಿಸಿ ಮತ್ತೆ ನೋಡಿದರು. ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದರು. ಬ್ಯಾಟರಿಯ ಭಾರ ಖಾಲಿ ಲಾರಿಯಲ್ಲೇ ಕೂತಿತ್ತು. ಆಮೇಲೆ ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ನನ್ನಿಂದ ಓದಿಸಿದರು. ಅಗಲ ಇಷ್ಟು, ರಿಮ್ಮಿನ ಅಳತೆ ಇಪ್ಪತ್ತೆರಡೂವರೆ ಇಂಚು, ಕೊನೆಗೆ ಇರುವ ಸಣ್ಣ ಅಂಕಿ ಆ ಟೈರು ಹೊರುವ ಭಾರದ್ದು. ಎಲ್ಲರೂ ಮೊದಲಿನದು ಓದುತ್ತಾರೆ, ಕೊನೆಯದನ್ನು ಓದಿದವನು ಮನೆಗೆ ಹೋಗುತ್ತಾನೆ ಅಂದರು. ಅದೇ ಇಪ್ಪತ್ತೆರಡೂವರೆಯ, ಟ್ಯೂಬ್ ಇಲ್ಲದ, ಆದರೆ ಹೆಚ್ಚು ಭಾರ ತಡೆಯುವ ಟೈರೇ ಬೇಕು ಅಂತ ಗುರುತು ಹಾಕಿ ಕೊಟ್ಟರು. ಮುಂದಕ್ಕೆ ನೇರ ಗೀರಿನವು, ಹಿಂದಕ್ಕೆ ಅಡ್ಡ ಹಲ್ಲಿನವು.

ಸಾವ್ಕಾರರ ಲೆಕ್ಕ ಬೇರೆ ಇತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ಮಾರಿದ ಡೀಸೆಲ್ ಲಾರಿಗಳ ಇಪ್ಪತ್ತು ಇಂಚಿನ ಗಾಲಿಗಳು ಗೋದಾಮಿನಲ್ಲಿ ಸಾಲುಗಟ್ಟಿ ಬಿದ್ದಿದ್ದವು. ಅವನ್ನೇ ಹಾಕಿದರಾಯಿತು ಅಂದರು. ತಮಾಷೆಯೆಂದರೆ ಅವರ ಮಾತಿನಲ್ಲಿ ಹುರುಳಿತ್ತು. ರಿಮ್ಮು ಸಣ್ಣದಾದರೂ ಟೈರು ದಪ್ಪ, ಹಾಗಾಗಿ ಎರಡು ಗಾಲಿಗಳ ಎತ್ತರ ಹೆಚ್ಚುಕಡಿಮೆ ಒಂದೇ. ಬೋಲ್ಟಿನ ತೂತುಗಳೂ ಹೊಂದುತ್ತಿದ್ದವು. ಸಾವ್ಕಾರರು ಉಸ್ತಾದರನ್ನು ಗಿರಣಿಗೆ ಕರೆಸಿ, ಎಲ್ಲರೆದುರಿಗೆ ತಾವೇ ಟೇಪು ಹಿಡಿದು ಅಳೆದು ತೋರಿಸಿದರು. ಒಂದು ಬೆರಳಿನ ಫರಕೂ ಇಲ್ಲ, ಈಗೇನಂತಿ ಅಂತ ಕೇಳಿದರು. ನನಗೂ ಹೌದಲ್ಲ ಅನ್ನಿಸಿತು. ಬಿ.ಎ. ಓದಿದ ತಲೆ!

ಉಸ್ತಾದರು ಗಾಲಿ ನೋಡಲಿಲ್ಲ. ಚೀಲ ಹೊತ್ತು ಹೋಗುತ್ತಿದ್ದ ಒಬ್ಬ ಹಮಾಲನನ್ನು ತೋರಿಸಿದರು.

"ನೀವೂ ಅಂವನೂ ಒಂದೇ ಎತ್ತರ ಅದೀರಿ ಸಾವ್ಕಾರ್ರ. ಅಂವ ಹೊರೋ ಚೀಲ ನೀವು ಹೊರ್ತೀರೇನು?"

ಹಮಾಲರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಸಾವ್ಕಾರರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಆ ನಗುವಿಗೆ ಯಾರಾದರೂ ಸುಂಕ ಕೊಡಲೇಬೇಕು ಅಂತ ನನಗೆ ಅಲ್ಲೇ ಹೊಳೆಯಬೇಕಿತ್ತು.

ಒಂದು ವಾರ ಕಳೆಯಿತು. ಹಳೆಯ ಗಾಲಿಗಳನ್ನು ಗಿರಣಿಯ ಅಂಗಳದಲ್ಲೇ ಹಾಕಿಸಲು ಸಾವ್ಕಾರರು ಬೇರೆ ಊರಿನಿಂದ ಒಬ್ಬ ಟೈರಿನವನನ್ನು ಕರೆಸಿದರು. ಬೆಳಿಗ್ಗೆ ಚಹಾ ಕುಡಿಯುವ ನೆಪದಲ್ಲಿ ಹೋಗಿ ಉಸ್ತಾದರಿಗೆ ಸುದ್ದಿ ಹೇಳಿದೆ. ಅವರು ಬಸಿಯಲ್ಲಿ ಚಹಾ ಸುರಿದುಕೊಂಡಿದ್ದರು.

"ನೀ ಓಡಸ್ತೀ ಏನು ಅದನ್ನ?"

ಮತ್ತೇನು ಮಾಡಲಿ, ಆ ಸೀಟು ಬಿಟ್ಟರೆ ನಾಳೆಯೇ ಇನ್ನೊಬ್ಬ ಕೂರುತ್ತಾನೆ ಅಂದೆ. ಉಸ್ತಾದರು ಚಹಾ ಕುಡಿಯಲಿಲ್ಲ. ಬಸಿಯನ್ನು ನೆಲಕ್ಕಿಟ್ಟು, ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು, ಕೊಡಲಿ ತೆಗೆದುಕೊಂಡು ನಡೆದೇ ಹೊರಟರು. ನಾನು ಹಿಂದೆ ಹಿಂದೆ ಓಡಿದೆ.

ಗಿರಣಿಯ ಅಂಗಳದಲ್ಲಿ ಮುಂದಿನ ಎರಡು ಗಾಲಿಗಳು ಹವಾ ತುಂಬಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದವು. ಉಸ್ತಾದರು ಸರಪಳಿಯನ್ನು ಲಾರಿಯ ಕೆಳಗೆ ಎಸೆದರು. ಎರಡೂ ಗಾಲಿಗಳ ಹವಾ ಬಿಟ್ಟರು. ಪೂರ್ತಿ ಹೋಗುವವರೆಗೂ ತಾಳ್ಮೆಯಿಂದ ಕಾದರು. ಆಮೇಲೆ ಕೊಡಲಿ ಎತ್ತಿ ಪಕ್ಕೆಗೆ ಕೊಚ್ಚಿದರು. ಒಂದು ಸಲವಲ್ಲ, ಹತ್ತು ಹನ್ನೆರಡು ಸಲ. ಟೈರಿನ ಒಳಗಿನ ನೂಲು ಹೊರಬಂತು, ಟ್ಯೂಬು ಚಿಂದಿಯಾಯಿತು. ಟೈರಿನವನು ಓಡಿಹೋಗಿ ಚೀಲಗಳ ಹಿಂದೆ ನಿಂತ.

ಸಾವ್ಕಾರರು ಹೊರಗೆ ಬಂದು, ಉಸ್ತಾದರ ಕಡೆ ಕೈ ಮಾಡಿ, ಅವನನ್ನು ಹಿಡಿಯಿರಿ ಅಂದರು. ಯಾರೂ ಅಲುಗಲಿಲ್ಲ. ಕೊಡಲಿ ಇತ್ತಲ್ಲ ಕೈಯಲ್ಲಿ. ಆಗ ಅವರು ನನ್ನ ಕಡೆ ತಿರುಗಿದರು.

"ನಾಳಿಂದ ಆ ಸೀಟಿನ್ಯಾಗ ನೀ ಕುಂದ್ರೋದು ಅದನೋ, ಇಲ್ಲೋ?"

ನಾನು ಹಿಂದಿನಿಂದ ಹೋಗಿ ಉಸ್ತಾದರ ಎರಡೂ ರಟ್ಟೆಗಳನ್ನು ಹಿಡಿದುಕೊಂಡೆ.

ಹೊಡೆತ ತಪ್ಪಿಸಲಿಕ್ಕೆ ಹಿಡಿದೆ, ಜಗಳ ಬೇಗ ಮುಗಿಯಲಿ ಅಂತ ಹಿಡಿದೆ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಸೀಟಿಗಾಗಿ ಹಿಡಿದೆ. ಉಸ್ತಾದರು ಮನಸ್ಸು ಮಾಡಿದ್ದರೆ ಕೊಡಲಿಯನ್ನು ಹಿಂದಕ್ಕೆ ಬೀಸಿ ನನ್ನ ಮೊಣಕಾಲು ಕತ್ತರಿಸಬಹುದಿತ್ತು. ಅವರು ಹಿಡಿದವನು ಯಾರೆಂದು ಕತ್ತು ತಿರುಗಿಸಿ ನೋಡಿದರು. ನೋಡಿ ಕೊಡಲಿಯನ್ನು ಕೈಬಿಟ್ಟರು. ಅದು ನೆಲಕ್ಕೆ ಬಿದ್ದ ಮೇಲೆ ಗಿರಣಿಯ ಇಬ್ಬರು ಆಳುಗಳು ಸಲಿಕೆಯ ಕಾವು ಹಿಡಿದು ಬಂದರು. ವಾರದ ಹಿಂದೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಪಕ್ಕೆಗೆ ಹೊಡೆದರು. ಹೊಟ್ಟೆಗೆ ಹೊಡೆದರು. ಒಣ ತೊಗರಿ ಕಟ್ಟಿಗೆ ಮುರಿದಂಥ ಸಪ್ಪಳ ಎರಡು ಸಲ ಕೇಳಿತು. ಪ್ರತಿ ಏಟೂ ಅವರ ಮೈಯಿಂದ ನನ್ನ ಎದೆಗೆ ದಾಟುತ್ತಿತ್ತು. ಬಾಯಿಂದ ರಕ್ತ ಬಂದು ನನ್ನ ಮುಂಗೈ ಮೇಲೆ ಹರಿಯಿತು, ಬೆಚ್ಚಗಿತ್ತು. ಅವರು ಒಮ್ಮೆಯೂ ಕೂಗಲಿಲ್ಲ. ಸಾವ್ಕಾರರು ಸಾಕು ಅಂದಾಗ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದರು.

"ಬಿಡಬ್ಯಾಡಲೇ ಬಿಯೆ. ಬಿಟ್ರ ಬೀಳ್ತೀನಿ."

ನಾನು ಬಿಟ್ಟೆ. ಅವರು ಬಿದ್ದರು. ಆಳುಗಳು ಕಾಲು ಹಿಡಿದೆಳೆದು ಗೇಟಿನ ಹೊರಗೆ ಹಾಕಿದರು, ಕೊಡಲಿಯನ್ನೂ ಎಸೆದರು. ಯಾವನೋ ಆಟೋದವನು ಎತ್ತಿ ದವಾಖಾನೆಗೆ ಒಯ್ದ. ನಾನು ಹೋಗಲಿಲ್ಲ. ಥೂ, ಈಗ ಬರೆಯುವಾಗಲೂ ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕು ಅನ್ನಿಸುತ್ತದೆ.

ಏನೂ ಆಗಿಲ್ಲವೆಂಬಂತೆ ಗೋದಾಮಿನಿಂದ ಮತ್ತೆರಡು ಗಾಲಿಗಳನ್ನು ಉರುಳಿಸಿ ತಂದರು. ಟೈರಿನವನು ರಿಂಗ್ ಕೂರಿಸಿ, ಹವಾದ ಪೈಪು ಸಿಕ್ಕಿಸಿ, ಗಾಲಿ ಹಿಡಿದುಕೋ ಬಾ ಅಂತ ನನ್ನನ್ನು ಕರೆದ. ಬಗ್ಗಿದಾಗ ಲಾರಿಯ ಕೆಳಗೆ ಬಿದ್ದಿದ್ದ ಸರಪಳಿ ಕಂಡಿತು. ಅದನ್ನು ಎಳೆದುಕೊಂಡು ಬಂದೆ. ರಕ್ತ ಒಣಗಿದ ಕೈಗಳಿಂದಲೇ, ಅವಸರದಲ್ಲಿ, ಗಾಲಿಗೆ ಎರಡು ಸುತ್ತು ಸುತ್ತಿ ಕೊಂಡಿ ಹಾಕಿದೆ. ಟೈರಿನವನು ನಕ್ಕು, ಗಾಲಿ ಓಡಿಹೋಗುತ್ತದೇನು ಅಂತ ಕೇಳಿದ. ಹವಾ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ರಿಂಗ್ ಸ್ವಲ್ಪ ಎದ್ದಿದೆ ಅಂತ ಅವನು ಸುತ್ತಿಗೆ ತೆಗೆದುಕೊಂಡು ಒಂದು ಬಡಿದ.

ಸಪ್ಪಳ ನನಗೆ ನೆನಪಿಲ್ಲ. ಸಪ್ಪಳವೇ ಇಲ್ಲದ ಒಂದು ಹೊಡೆತ ನೆನಪಿದೆ. ಗಾಲಿ ಆಳೆತ್ತರ ಎದ್ದು ಬಿತ್ತು. ಸರಪಳಿಯ ಒಂದು ಕೊಂಡಿ ಹರಿದು ಹಾರಿ ಗೋದಾಮಿನ ತಗಡಿನಲ್ಲಿ ತೂತು ಮಾಡಿತು. ಉಳಿದ ಸುತ್ತು ರಿಂಗನ್ನು ಹಿಡಿದುಕೊಂಡಿತ್ತು. ಟೈರಿನವನ ಮುಂಗೈ ಮುರಿದು ಎಲುಬು ಹೊರಗೆ ಕಾಣುತ್ತಿತ್ತು. ನನ್ನ ಕಿವಿಯಿಂದ ರಕ್ತ. ಮುಖಗಳು ಮಾತ್ರ ಹಾಗೇ ಉಳಿದಿದ್ದವು, ಅವನದೂ ನನ್ನದೂ. ಲಾರಿಯ ಕೀ ಕಾರ್ಡನ್ನು ಸಾವ್ಕಾರರ ಕಾಲ ಬಳಿ ಎಸೆದು, ಬಂದ ದಾರಿಯಲ್ಲೇ ಓಡಿದೆ.

ಸರ್ಕಾರಿ ದವಾಖಾನೆಯಲ್ಲಿ ಉಸ್ತಾದರ ಹೆಂಡತಿ, ನಾನು ಅಕ್ಕ ಅಂತ ಕರೆಯುವವಳು, ಹೊರಗೆ ಕೂತಿದ್ದಳು. ಲಾರಿಯ ಗಾಲಿ ಮೈಮೇಲೆ ಬಿತ್ತಂತೆ ನೋಡಪ್ಪ ಅಂತ ಅತ್ತಳು. ನಾನು ಒಳಗೆ ಹೋದೆ. ರಿಂಗ್ ಹಾರಿದ್ದು, ಸರಪಳಿ ತಡೆದದ್ದು ಹೇಳಿದೆ. ಉಸ್ತಾದರು ಹತ್ತಿರ ಬಾ ಅಂತ ಕಣ್ಣಿನಲ್ಲೇ ಕರೆದರು. ಬಗ್ಗಿದೆ. ಕಪಾಳಕ್ಕೆ ಹೊಡೆದರು. ಏಟಿನಲ್ಲಿ ಶಕ್ತಿಯೇ ಇರಲಿಲ್ಲ.

"ಎಷ್ಟು ಸುತ್ತು ಹಾಕಿದ್ದಿ?"

ಎರಡು ಅಂದೆ.

"ಮೂರು ಹಾಕಬೇಕು. ಎಷ್ಟು ಸಲ ಹೇಳ್ಬೇಕಲೇ ನಿನಗ?"

ಡಾಕ್ಟರಿಗೆ, ಅಕ್ಕನಿಗೆ ಯಾಕೆ ಸುಳ್ಳು ಹೇಳಿದಿರಿ ಅಂತ ಕೇಳಿದೆ. ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ಹೊಡದವ್ರ ಹೆಸರು ಹೇಳಿದ್ರ ಹಿಡದವನ ಹೆಸರೂ ಕೇಳ್ತಾರ. ಗಾಲಿ ಬಿತ್ತು ಅಂದ್ರ ಗಾಲಿಗೇನು ಜೈಲಾಗಂಗಿಲ್ಲ."

ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತು. ಆರನೆಯ ದಿನ ಮಧ್ಯಾಹ್ನ ಅವರು ಹೋದರು. ಅಷ್ಟೂ ದಿನ ನಾನು ಅವರ ಕಾಲ ಬಳಿ ಕೂತಿದ್ದೆ. ಅಕ್ಕ ನನಗೆ ರೊಟ್ಟಿ ಕಟ್ಟಿ ತರುತ್ತಿದ್ದಳು, ಮಗನಂತೆ ನೋಡಿಕೊಂಡಿ ಅನ್ನುತ್ತಿದ್ದಳು. ಮಣ್ಣಿಗೆ ಹೋದಾಗ ಅವರ ಮುಖ ಎಲ್ಲರಿಗೂ ತೋರಿಸಿದರು. ನಾನು ಕೊನೆಯ ಬಾರಿ ಹಣೆಯ ಗುಳಿ ಮುಟ್ಟಿ ನೋಡಿದೆ, ಒಣಗಿತ್ತು.

ಮಣ್ಣಾದ ಮೂರನೆಯ ದಿನ ಅಕ್ಕನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ. ಯಾಕೆ ಅಂತ ಅವಳಿಗೆ ಹೇಳಿರಲಿಲ್ಲ, ಹೇಳುವ ಧೈರ್ಯ ಇರಲಿಲ್ಲ. ಅವಳು ಬೆಂಚಿನ ಮೇಲೆ ಕೂತಿದ್ದಳು. ಗಾಲಿ ಬಿದ್ದದ್ದು ಸುಳ್ಳು ಅಂತ ಶುರುಮಾಡಿ ಎಲ್ಲ ಹೇಳಿದೆ. ಹೊಡೆಸಿದವರು ಯಾರು, ಹೊಡೆದವರು ಯಾರು, ಯಾತರಿಂದ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತದೆ, ಅಂಥ ಗಟ್ಟಿ ಮನುಷ್ಯ ಸುಮ್ಮನೆ ಹೊಡೆಸಿಕೊಂಡನೇ, ಯಾರಾದರೂ ಹಿಡಿದಿದ್ದರೇ ಅಂತ ಕೇಳಿದರು.

ನಾನು ಹಿಡಿದಿದ್ದೆ ಅಂದೆ.

ಅಕ್ಕ ಎದ್ದು ಬಂದಳು. ಕಾಲಿನ ಚಪ್ಪಲಿ ತೆಗೆದು ಮುಖಕ್ಕೆ, ತಲೆಗೆ, ಕತ್ತಿಗೆ ಸಿಕ್ಕಲ್ಲೆಲ್ಲ ಹೊಡೆದಳು. ಮಹಿಳಾ ಪೊಲೀಸ್ ಬಿಡಿಸಲು ಬಂದರೆ ಬಿಡಿ, ಹೊಡೆಯಲಿ ಅಂದೆ. ಚಪ್ಪಲಿ ಹರಿಯುವವರೆಗೂ ಹೊಡೆದಳು. ಆಮೇಲೆ ಏದುಸಿರು ಬಿಡುತ್ತ ಒಂದೇ ಮಾತು ಕೇಳಿದಳು.

"ಯಾವ ಕೈಲೆ ಹಿಡದಿದ್ದಿ?"

"ಎರಡೂ ಕೈಲೆ ಅಕ್ಕಾ."

ಕೇಸು ಇನ್ನೂ ನಡೆದಿದೆ. ಸಾವ್ಕಾರರದೂ ಆಳುಗಳದೂ ನನ್ನದೂ ಒಂದೇ ಸಾಲಿನಲ್ಲಿ ಹೆಸರು ಕೂಗುತ್ತಾರೆ. ಜಾಮೀನಿನ ಮೇಲೆ ಹೊರಬಂದ ದಿನ ನಾನು ಉಸ್ತಾದರ ಅಂಗಡಿಯ ಮುಂದೆ ಹೋಗಿ ನಿಂತೆ. ಬಾಗಿಲ ತಗಡಿನ ಮೇಲೆ ಸೀಮೆಸುಣ್ಣದ ಅಂಕಿಗಳು ಹಾಗೇ ಇದ್ದವು. ಅಕ್ಕ ಬಂದು ಕೀಲಿಯನ್ನು ಹವಾ ಮಷೀನಿನ ಮೇಲೆ ಇಟ್ಟು ಹೋದಳು. ಇವತ್ತಿಗೂ ನನ್ನ ಜೊತೆ ಅವಳು ಮಾತಾಡಿಲ್ಲ.

ಈಗ ನಾನೇ ಅಲ್ಲಿ ಕೂರುತ್ತೇನೆ. ಇತ್ತೀಚೆಗೆ ಕರೆಂಟ್ ಲಾರಿಗಳು ಮತ್ತಷ್ಟು ಬಂದಿವೆ. ತೂಕ ಹಾಕಿಸದೆ ಟೈರು ಹೇಳುವುದಿಲ್ಲ, ಪಕ್ಕೆಯ ಕೊನೆಯ ಅಂಕಿ ಓದದೆ ಯಾರಿಗೂ ಹಾಕಿಕೊಡುವುದಿಲ್ಲ. ಸತ್ತದ್ದನ್ನು ಕೊಡಲಿಯಿಂದ ಕೊಚ್ಚುತ್ತೇನೆ. ಹವಾ ತುಂಬುವಾಗ ಸರಪಳಿ ಮೂರು ಸುತ್ತು. ಹತ್ತಿರ ಬಂದವನಿಗೆ ಸೊಂಟಕ್ಕೆ ಒದೆಯುತ್ತೇನೆ. ಕೆಲವರು ಎದ್ದು ಬಂದು ತಿರುಗಿ ಹೊಡೆಯುತ್ತಾರೆ, ಹೋದ ತಿಂಗಳು ಮಾನ್ವಿಯ ಡ್ರೈವರೊಬ್ಬ ನನ್ನ ಮೂಗು ಒಡೆದ. ಆಗ ನನ್ನ ಕೈಗಳನ್ನು ಯಾರೂ ಹಿಡಿದುಕೊಂಡಿರುವುದಿಲ್ಲ. ಆದರೂ ನಾನು ಅವನ್ನು ಎತ್ತುವುದಿಲ್ಲ.